ಪಕ್ಕದಲ್ಲಿ ಕೂತವನು

ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಜಮಾದಾರ್ ಆವಲಪ್ಪನಿಗೆ, ಹಿತ್ತಿಲಲ್ಲಿ ಹೆಂಡತಿ ಪಕ್ಕದ ಮನೆಯ ಮುನಿವೆಂಕಟಮ್ಮನ ಹತ್ತಿರ ತನ್ನ ಬಗ್ಗೆಯೇ ಹೇಳುತ್ತಿರುವುದು ಕೇಳಿಸಿತು. ಇವತ್ತು ಡಿಪೋದಲ್ಲಿ ಮಿಲಿಟರಿ ಕೋರ್ಟಂತೆ, ಹುಣಸಮಾರನಹಳ್ಳಿಯ ಹುಡುಗನೊಬ್ಬ ಸಿಕ್ಕಿಹಾಕಿಕೊಂಡಿದ್ದಾನಂತೆ, ಅವನ ಪರವಾಗಿ ಕೂರಲು ಇವರೇ ಬೇಕೆಂದು ಹಟ ಹಿಡಿದನಂತೆ. ದ್ರೌಪದಮ್ಮನಿಗೆ ಇಲ್ಲದ್ದನ್ನು ಸೇರಿಸಿ ಹೇಳುವ ಅಭ್ಯಾಸವಿರಲಿಲ್ಲ. ಅವಳು ಹೇಳಿದ್ದೆಲ್ಲ ನಿಜವೇ. ಸುಳ್ಳಾಗಿದ್ದರೆ ಗದರಿಸಿ ಬಾಯಿ ಮುಚ್ಚಿಸಬಹುದಿತ್ತು. ಒಳಗೆ ಬಂದು ತಟ್ಟೆಯ ಮುಂದೆ ಕೂತ. ರೊಟ್ಟಿ ಮುರಿದ, ಹುಚ್ಚೆಳ್ಳು ಚಟ್ನಿಯಲ್ಲಿ ಅದ್ದಿದ, ಬಾಯಿಗೆ ಒಯ್ಯಲಾಗಲಿಲ್ಲ. ದ್ರೌಪದಮ್ಮ ಪಟಾಲಮ್ಮನ ಗುಡಿಯಿಂದ ತಂದಿದ್ದ ಕುಂಕುಮವನ್ನು ಅವನ ಹಣೆಗಿಟ್ಟು, ನೀವು ನಾಲ್ಕು ಮಾತು ಗಟ್ಟಿಯಾಗಿ ಆಡಿದರೆ ಬಿಟ್ಟುಬಿಡ್ತಾರೆ ಬಿಡಿ, ಪಾಪ ಹಸುಗೂಸಿನ ತಂದೆ, ಎಂದಳು. ತಾನು ಒಂದು ಮಾತನ್ನೂ ಆಡುವಂತಿಲ್ಲವೆಂದು ಅವಳಿಗೆ ಹೇಳಬೇಕೆನಿಸಿತು. ಹೇಳಿದರೆ, ಹಾಗಾದರೆ ಸುಮ್ಮನೆ ಕೂರುವುದಕ್ಕೆ ನೀವೇಕೆ ಬೇಕು ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಡುವುದಕ್ಕಿಂತ ಸೈಕಲ್ಲಿಗೆ ಗಾಳಿ ಹೊಡೆಯುವುದು ಸುಲಭವಾಗಿತ್ತು. ಅಟ್ಟೂರು ದಾಟಿ ಕೆರೆ ಏರಿಗೆ ಬಂದಾಗ ಸೈಕಲ್ ನಿಲ್ಲಿಸಿ, ಯೂನಿಫಾರ್ಮಿಗೆ ಹೊಂದುವುದಿಲ್ಲವೆಂಬ ನೆಪದಲ್ಲಿ ಹಣೆಯ ಕುಂಕುಮವನ್ನು ಕರ್ಚೀಫಿನಿಂದ ಒರೆಸಿಕೊಂಡ.

ಆರೋಪಿಯ ಸ್ನೇಹಿತ. ಕಾನೂನಿನ ಪುಸ್ತಕದಲ್ಲಿ ಆವಲಪ್ಪನ ಹೆಸರು ಇವತ್ತಿಗೆ ಅದು. ಯೂನಿಟ್ಟಿನ ಸಣ್ಣ ಕೋರ್ಟ್ ಮಾರ್ಷಲ್‌ನಲ್ಲಿ ಕರ್ನಲ್ ಸಾಹೇಬರೊಬ್ಬರೇ ನ್ಯಾಯಾಧೀಶರು, ಅವರೇ ಕೇಳುವವರು, ಅವರೇ ಬರೆದುಕೊಳ್ಳುವವರು. ಆರೋಪಿ ತನಗೆ ಬೇಕಾದ ಒಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಅವನಿಗೆ ಸ್ನೇಹಿತ ಎಂದು ಹೆಸರು. ಸ್ನೇಹಿತ ಆರೋಪಿಯ ಕಿವಿಯಲ್ಲಿ ಏನು ಬೇಕಾದರೂ ಉಸುರಬಹುದು, ಆದರೆ ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ, ಕೋರ್ಟನ್ನು ಉದ್ದೇಶಿಸಿ ಮಾತಾಡುವಂತಿಲ್ಲ. ಈ ನಿಯಮವನ್ನು ಕರ್ನಲ್ ಸಾಹೇಬರ ಕೈಕೆಳಗೆ ಆಫೀಸು ನೋಡಿಕೊಳ್ಳುವ ಅಜಿಟಂಟ್ ಸಾಹೇಬ ಓದಿ ಹೇಳಿದಾಗ ಆವಲಪ್ಪನ ಎದೆಯ ಮೇಲಿಂದ ಒಂದು ಚಪ್ಪಡಿ ಕಲ್ಲು ಇಳಿದಂತಾಗಿತ್ತು. ಮಾತಾಡಬಾರದೆಂದು ಸರ್ಕಾರವೇ ಹೇಳಿದ ಮೇಲೆ ಇನ್ನೇನು. ಹಾಗೆ ಹಗುರಾದದ್ದಕ್ಕೆ ಆ ಕ್ಷಣವೇ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತ್ತು, ಆದರೆ ಅಸಹ್ಯ ಹುಟ್ಟಿತೆಂದು ಇಳಿದ ಕಲ್ಲನ್ನು ಯಾರೂ ಮತ್ತೆ ಎತ್ತಿ ಎದೆಯ ಮೇಲೆ ಇಟ್ಟುಕೊಳ್ಳುವುದಿಲ್ಲ.

ಯಾಕೆಂದರೆ ಆ ಹುಡುಗ, ಸಿಪಾಯಿ ಲಕ್ಕಣ್ಣ, ಪಹರೆ ಬಿಟ್ಟು ಹೋದದ್ದು ಆವಲಪ್ಪನೇ ಹೋಗು ಎಂದದ್ದರಿಂದ. ಇದು ಇಬ್ಬರಿಗೆ ಮಾತ್ರ ಗೊತ್ತು. ಅವತ್ತು ಮಧ್ಯಾಹ್ನ ಆವಲಪ್ಪನಿಗೆ ಆ ಕಡೆ ಯಾವ ಕೆಲಸವೂ ಇರಲಿಲ್ಲ. ಊಟವಾದ ಮೇಲೆ ನೀಲಗಿರಿ ಮರಗಳ ನೆರಳಲ್ಲಿ ನಡೆದುಕೊಂಡು ಪೆಟ್ರೋಲ್ ಡ್ರಮ್ಮುಗಳ ಶೆಡ್ಡಿನ ಹತ್ತಿರ ಬಂದಿದ್ದ. ಪಹರೆಯಲ್ಲಿದ್ದ ಲಕ್ಕಣ್ಣನ ಮುಖ ಕಳೆಗುಂದಿತ್ತು. ಕೇಳಿದ್ದಕ್ಕೆ, ಹೆಂಡತಿ ಕೂಸನ್ನೆತ್ತಿಕೊಂಡು ದೇವನಹಳ್ಳಿ ಬಸ್ಸಿನಲ್ಲಿ ಬಂದು ಗೇಟಿನ ಹೊರಗೆ ನಿಂತಿದ್ದಾಳೆಂದೂ, ಹೆರಿಗೆಯಾದಾಗ ರಜ ಸಿಕ್ಕದೆ ತಾನಿನ್ನೂ ಕೂಸಿನ ಮುಖ ನೋಡಿಲ್ಲವೆಂದೂ, ತನ್ನ ಪಹರೆ ಮುಗಿಯುವ ಹೊತ್ತಿಗೆ ಅವಳ ಬಸ್ಸು ಹೊರಟುಹೋಗುತ್ತದೆಂದೂ ಹೇಳಿದ. ಗೇಟು ಅಲ್ಲಿಂದ ದೂರವೇನಲ್ಲ, ದಾರಿಯ ತಿರುವು ದಾಟಿದರೆ ಕಾಣುತ್ತದೆ. ಆವಲಪ್ಪನಿಗೆ ಆಗ ಏನಾಯಿತೋ. ದೊಡ್ಡವನೆನ್ನಿಸಿಕೊಳ್ಳುವ ಚಪಲವೇ ಇರಬೇಕು. ನಮ್ಮ ಸೀಮೆಯ ಹುಡುಗ, ನಮ್ಮ ಮಾತಿನ ಹುಡುಗ, ಅಣ್ಣ ಎನ್ನುತ್ತಾನೆ.

"ಹೋಗಿ ಮುಖ ನೋಡ್ಕೊಂಡ್ ಬಾರೋ. ನೀನ್ ಬರೋಗಂಟ ನಾನಿಲ್ಲೇ ನಿಂತಿರ್ತೀನಿ" ಎಂದ.

ಬೇರೆ ಯಾವ ಪಲ್ಟನ್ನಿನ ಯಾವ ಸಿಪಾಯಿಯಾದರೂ ಈ ಮಾತಿಗೆ ನಕ್ಕು ಅಲ್ಲೇ ನಿಲ್ಲುತ್ತಿದ್ದ. ಪಹರೆಯವನನ್ನು ಬಿಡಿಸಲು ಗಾರ್ಡ್ ಕಮಾಂಡರನೇ ಬರಬೇಕು, ದಾರಿಯಲ್ಲಿ ಹೋಗುವ ಜಮಾದಾರನಿಗೆ ಆ ಅಧಿಕಾರವಿಲ್ಲ. ಲಕ್ಕಣ್ಣನಿಗೂ ಇದು ಗೊತ್ತಿತ್ತು. ಆದರೆ ಊರಲ್ಲಿ ಹಿರಿಯನೊಬ್ಬ, ನೀನು ಹೋಗು, ನಿನ್ನ ದನ ನಾನು ನೋಡಿಕೊಳ್ಳುತ್ತೇನೆ ಎಂದರೆ ಹೋಗುತ್ತಾರೆ. ಹೋಗದಿದ್ದರೆ ಆ ಹಿರಿಯನನ್ನು ನಂಬಲಿಲ್ಲವೆಂದು ಅರ್ಥ. ಹುಡುಗ ಬಂದೂಕನ್ನು ಹೆಗಲಿಗೇರಿಸಿ ಓಡಿದ. ಆವಲಪ್ಪ ಅವನ ಜಾಗದಲ್ಲಿ ನಿಂತ. ತನ್ನ ಒಳ್ಳೆಯತನದ ಸುಖ ಅನುಭವಿಸುತ್ತ ಸ್ವಲ್ಪ ಹೊತ್ತು ನಿಂತಿದ್ದ ಕೂಡ. ಆಮೇಲೆ ಅತ್ತ ಕಡೆಯಿಂದ ಅಜಿಟಂಟ್ ಸಾಹೇಬನ ಜೀಪಿನ ಸದ್ದು ಬಂತು. ಆ ಅಜಿಟಂಟ್, ಆವಲಪ್ಪನ ಮಗನ ವಯಸ್ಸಿನವನು, ಚೀನಾ ಯುದ್ಧದ ಗಡಿಬಿಡಿಯಲ್ಲಿ ಸೇರಿದವನು, ಹಿಂದೊಮ್ಮೆ ಅಡುಗೆಮನೆಯ ಮುಂದೆ ಸುಮ್ಮನೆ ನಿಂತಿದ್ದ ಆವಲಪ್ಪನನ್ನು ಸಿಪಾಯಿಗಳ ಎದುರಿಗೇ, ಏನು ಸಾಬ್, ನಿಮಗೆ ಮಾಡಲು ಕೆಲಸವಿಲ್ಲವೇ ಎಂದು, ಅಧಿಕಾರಿಗಳೂ ಜಮಾದಾರರನ್ನು ಕರೆಯುವ ಸಾಬ್ ಎಂಬ ಮಾತನ್ನು ಬಿಡದೆ, ಕೇಳಿದ್ದ. ಅಡುಗೆಯವನೊಬ್ಬ ಕಿಸಕ್ಕನೆ ನಕ್ಕಿದ್ದ. ಜೀಪಿನ ಸದ್ದು ಕೇಳಿದಾಗ ಆವಲಪ್ಪನ ಮನಸ್ಸಿಗೆ ಬಂದದ್ದು ಪೆಟ್ರೋಲಲ್ಲ, ಲಕ್ಕಣ್ಣನಲ್ಲ, ತನ್ನ ಹೆಸರಿರುವ ಸುಬೇದಾರ್ ಬಡ್ತಿಯ ಪಟ್ಟಿಯೂ ಅಲ್ಲ, ಆ ನಗು. ಇಲ್ಲೇಕೆ ನಿಂತಿದ್ದೀರಿ ಎಂದು ಅವನು ಕೇಳುತ್ತಾನೆ. ಏನು ಹೇಳುವುದು? ಕಾಲುಗಳು ತಾವಾಗಿಯೇ ಡ್ರಮ್ಮುಗಳ ಹಿಂದಕ್ಕೆ, ಅಲ್ಲಿಂದ ನೀರಿನ ಟ್ಯಾಂಕಿನ ಕಡೆಗೆ ನಡೆದವು. ಓಡಲಿಲ್ಲ. ಏನೋ ಕೆಲಸವಿದ್ದವನ ಹಾಗೆ, ಕೈ ಬೀಸಿಕೊಂಡು, ಸಾವಕಾಶವಾಗಿ ನಡೆದ. ಜೀಪು ಶೆಡ್ಡಿನ ಮುಂದೆ ಬಂದು ನಿಂತಾಗ ಪಹರೆಯಲ್ಲಿ ಯಾರೂ ಇರಲಿಲ್ಲ.

ಇವತ್ತು ಕೋಗಿಲು ಕ್ರಾಸಿನ ಹತ್ತಿರ ಎದುರಿಗೆ ಬಂದ ಎತ್ತಿನ ಗಾಡಿಗೆ ದಾರಿ ಬಿಡಲು ಸೈಕಲ್ಲಿನಿಂದ ಇಳಿದ. ಗಾಡಿಯವನು ಯೂನಿಫಾರ್ಮು ನೋಡಿ ಕೈಮುಗಿದ. ಚೀನಾ ಯುದ್ಧದ ಮೇಲೆ ಜನಕ್ಕೆ ಈ ಹೊಸ ಗೌರವ ಬಂದಿದೆ. ಆವಲಪ್ಪನೂ ಕೈಮುಗಿದ. ಡಿಪೋದ ಕಾವಲುಮನೆಯಾದ ಕ್ವಾರ್ಟರ್ ಗಾರ್ಡಿನ ಕೋಣೆಯಲ್ಲಿ ಕೂಡಿಹಾಕಿದ ಲಕ್ಕಣ್ಣ ತನ್ನ ಹೆಸರು ಹೇಳುತ್ತಾನೆಂದು ಎರಡು ದಿನ ಕಾದಿದ್ದ. ಕೊನೆಗೆ ಕರೆ ಬಂತು. ಲಕ್ಕಣ್ಣ ನಿಮ್ಮ ಹೆಸರು ಹೇಳಿದ್ದಾನೆ ಎಂದು ಗಾರ್ಡ್ ಕಮಾಂಡರ್ ಹವಾಲ್ದಾರ್ ನೂರುಲ್ಲಾ ಬಂದು ಹೇಳಿದಾಗ ಆವಲಪ್ಪನ ಕೈಯಲ್ಲಿದ್ದ ಚಹಾ ತುಳುಕಿ ಪ್ಯಾಂಟಿನ ಮೇಲೆ ಬಿದ್ದಿತ್ತು. ಸ್ನೇಹಿತನಾಗಿ ಕೂರಲು ಹೇಳಿದ್ದಾನೆ ಎಂದು ನೂರುಲ್ಲಾ ಮಾತು ಮುಗಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆವಲಪ್ಪ ಒದ್ದೆಯಾದ ಪ್ಯಾಂಟು ಮುಟ್ಟಿ ನೋಡಿಕೊಂಡು ನಕ್ಕ. ನೂರುಲ್ಲಾನೂ ನಕ್ಕ. ಹುಡುಗ ತನ್ನನ್ನೇಕೆ ಆರಿಸಿದ? ಪಾಪ, ನಂಬಿದ್ದಾನೆ, ಪೆದ್ದು, ಎಂದುಕೊಂಡ. ಹಾಗೆ ಅಂದುಕೊಂಡರೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮೊದಲ ಸಲ ಕೋಣೆಗೆ ಹೋಗಿ ಎದುರು ಕೂತಾಗ, ನೀವೇಕೆ ಅಲ್ಲಿರಲಿಲ್ಲವೆಂದು ಹುಡುಗ ಕೇಳುತ್ತಾನೆ ಎಂದು ಆವಲಪ್ಪ ಉತ್ತರ ಸಿದ್ಧ ಮಾಡಿಕೊಂಡಿದ್ದ. ಲಕ್ಕಣ್ಣ ಕೇಳಲಿಲ್ಲ. ಕೂಸಿನ ವಿಷಯ ಹೇಳಿದ: ಹೆಣ್ಣು ಕೂಸು, ಬಲಗಿವಿಯ ಹಿಂದೆ ಒಂದು ಮಚ್ಚೆ ಇದೆ, ತನ್ನ ಅವ್ವನಿಗೂ ಅಲ್ಲೇ ಇತ್ತು. ಆಮೇಲೆ, ಈಗ ಏನು ಮಾಡೋದಣ್ಣ ಎಂದ. ಆವಲಪ್ಪ ಎರಡು ದಾರಿಗಳಿವೆಯೆಂದು ವಿವರಿಸಿದ. ತಪ್ಪಿಲ್ಲ ಎಂದರೆ ಸಾಕ್ಷಿಗಳನ್ನು ಕರೆಸುತ್ತಾರೆ, ಯಾಕೆ ಹೋದೆ, ಯಾರನ್ನು ಕೇಳಿ ಹೋದೆ ಎಂದು ಒಂದೊಂದನ್ನೂ ಕೆದಕುತ್ತಾರೆ. ತಪ್ಪಾಯಿತು ಎಂದು ಒಪ್ಪಿಕೊಂಡರೆ ಯಾರನ್ನೂ ಕರೆಸುವುದಿಲ್ಲ, ಸಾಹೇಬರಿಗೂ ಕೆಲಸ ಕಡಿಮೆ. ಹೇಳುತ್ತ ಹೇಳುತ್ತ ಅವನ ದನಿ ತಾನಾಗಿ ಮೃದುವಾಯಿತು. "ನಮ್ಮೂರ್ ಪಂಚಾಯ್ತಿ ನೋಡಿಲ್ವೇನೋ? ತಪ್ಪಾಯ್ತು ಅಂತ ಅಡ್ಡಬಿದ್ದು ತಪ್ಪುಕಾಣ್ಕೆ ಇಟ್ಟೋನ್ನ ಯಾವ ಗೌಡ ಹೊರಗಾಕವ್ನೆ? ವಾದ ಮಾಡ್ದೋನೇ ಕೆಡೋದು" ಎಂದ. ಈ ಮಾತು ಅವನ ಅಪ್ಪ ದೊಡ್ಡಮುನಿಯಪ್ಪನ ಬಾಯಲ್ಲಿ ನೂರು ಸಲ ಬಂದ ಮಾತು. ಪಂಚಾಯ್ತಿ ಕಟ್ಟೆಯ ಮೇಲೆ ಅದು ನಿಜ ಕೂಡ. ಅಲ್ಲಿ ತಪ್ಪಾಯ್ತು ಎಂದವನನ್ನು ಎಬ್ಬಿಸಿ ಕೂರಿಸಿ ಎಲೆ ಅಡಿಕೆ ಕೊಡುತ್ತಾರೆ. ಕೋರ್ಟ್ ಮಾರ್ಷಲ್‌ನಲ್ಲಿ ಎಲೆ ಅಡಿಕೆ ಇಲ್ಲವೆಂದು ಇಪ್ಪತ್ತು ವರ್ಷ ಸರ್ವೀಸ್ ಮಾಡಿದ ಆವಲಪ್ಪನಿಗೆ ಗೊತ್ತಿತ್ತು. ಯುದ್ಧದ ಮೇಲೆ ಪಹರೆ ಬಿಟ್ಟವನನ್ನು ಯಾರೂ ಉಳಿಸಿಕೊಳ್ಳುತ್ತಿಲ್ಲವೆಂದೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದ. ಲಕ್ಕಣ್ಣ ಬಹಳ ಹೊತ್ತು ಅವನ ಮುಖವನ್ನೇ ನೋಡಿ, ನೀವು ಹೆಂಗೆ ಅಂದ್ರೆ ಹಂಗೆ ಎಂದ.

ಡಿಪೋದ ಗೇಟಿನ ಎದುರು ಹೊಂಗೆ ಮರದ ಕೆಳಗೆ ಲಕ್ಕಣ್ಣನ ಹೆಂಡತಿ ಕೃಷ್ಣಮ್ಮ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಆವಲಪ್ಪ ಸೈಕಲ್ಲಿನ ಮುಂದಿನ ಚಕ್ರದಲ್ಲಿ ಏನೋ ತೊಂದರೆಯಿದ್ದಂತೆ ತಲೆ ಬಗ್ಗಿಸಿ ಒಳಗೆ ಹೋದ. ಅವಳು ಎದ್ದು ನಿಂತದ್ದು ಕಣ್ಣಂಚಿನಲ್ಲಿ ಕಾಣಿಸಿತು. ಅಣ್ಣಾ ಎಂದು ಕರೆದಳೋ ಇಲ್ಲವೋ. ಕರೆಯಲಿಲ್ಲವೆಂದು ತೀರ್ಮಾನಿಸಿದ.

ಕರ್ನಲ್ ಸಾಹೇಬರ ಆಫೀಸಿನಲ್ಲಿ ಮೇಜಿನ ಮೇಲಿದ್ದ ಹೂದಾನಿಯನ್ನು ತೆಗೆದಿಟ್ಟಿದ್ದರು. ಕೋರ್ಟೆಂದು ತೋರಿಸುವ ಗುರುತು ಅಷ್ಟೇ. ಕಾನೂನು ಬಯಸುವಂತೆ ಇಬ್ಬರು ಅಧಿಕಾರಿಗಳು ಗೋಡೆಯ ಪಕ್ಕ ಸುಮ್ಮನೆ ಕೂತಿದ್ದರು. ಅವರೂ ಮಾತಾಡುವಂತಿಲ್ಲ. ಈ ಕೋಣೆಯಲ್ಲಿ ಮಾತಾಡದವರೇ ಹೆಚ್ಚು ಎಂದು ಆವಲಪ್ಪನಿಗೆ ಅನ್ನಿಸಿತು, ಸ್ವಲ್ಪ ಧೈರ್ಯವೂ ಬಂತು. ಟೋಪಿ ಬೆಲ್ಟುಗಳಿಲ್ಲದ ಲಕ್ಕಣ್ಣನನ್ನು ನೂರುಲ್ಲಾ ಕರೆತಂದು ನಿಲ್ಲಿಸಿದ. ಬೆಲ್ಟಿಲ್ಲದ ಅಂಗಿಯಲ್ಲಿ ಹುಡುಗ ಇನ್ನೂ ಚಿಕ್ಕವನಾಗಿ ಕಾಣುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಆವಲಪ್ಪ. ಕರ್ನಲ್ ಸಾಹೇಬರು ಪಂಜಾಬಿನ ಕಡೆಯವರು, ಸಿಟ್ಟಿನವರಲ್ಲ, ನೆಗಡಿಯಾಗಿತ್ತು, ಆಗಾಗ ಮೂಗೊರೆಸಿಕೊಳ್ಳುತ್ತಿದ್ದರು. ಆರೋಪ ಓದಿದರು. ಪಹರೆಯವನಾಗಿದ್ದು, ಬಿಡುಗಡೆಯಾಗುವ ಮೊದಲೇ ತನ್ನ ಜಾಗ ಬಿಟ್ಟದ್ದು. ತಪ್ಪಿತಸ್ಥನೋ ಅಲ್ಲವೋ ಎಂದು ಹಿಂದೂಸ್ತಾನಿಯಲ್ಲಿ ಕೇಳಿದರು. ಲಕ್ಕಣ್ಣ ಉತ್ತರ ಕೊಡುವ ಮೊದಲು ಕತ್ತು ತಿರುಗಿಸಿ ಪಕ್ಕಕ್ಕೆ ನೋಡಿದ. ಏನು ಹೇಳಬೇಕೆಂಬುದು ಮರೆತುಹೋಯಿತೆಂದುಕೊಂಡು ಆವಲಪ್ಪ ಮೆಲ್ಲಗೆ, ಒಪ್ಕೊ, ಎಂದ. ಲಕ್ಕಣ್ಣ ಇನ್ನೂ ನೋಡುತ್ತಿದ್ದ. ನೂರುಲ್ಲಾನ ಬೂಟು ನೆಲದ ಮೇಲೆ ಕಿರುಗುಟ್ಟಿತು. ಆಮೇಲೆ ಹುಡುಗ ತಿರುಗಿ, ತಪ್ಪು ನಂದು ಸಾಬ್ ಎಂದ.

ಸಾಹೇಬರು ಪೆನ್ನು ಕೆಳಗಿಟ್ಟರು. ಅಷ್ಟಕ್ಕೇ ಬರೆದುಕೊಂಡು ಮುಗಿಸುತ್ತಾರೆಂದು ಆವಲಪ್ಪ ಭಾವಿಸಿದ್ದ. ಆದರೆ ಅವರು ಹುಡುಗನನ್ನು ಬಿಟ್ಟು ಅವನ ಕಡೆಗೇ ತಿರುಗಿದರು. ಒಪ್ಪಿಕೊಂಡರೆ ಏನಾಗುತ್ತದೆ ಎಂಬುದನ್ನು ಇವನ ಭಾಷೆಯಲ್ಲಿ ಇವನಿಗೆ ತಿಳಿಸಿದ್ದೀರಾ, ಇವನ ಪರವಾಗಿ ಹೇಳಬಹುದಾದ ಸಂಗತಿ ಏನಾದರೂ ಉಳಿದಿದ್ದರೆ ಒಪ್ಪಿಕೊಳ್ಳಬೇಡವೆಂದು ನಾನೇ ಇವನಿಗೆ ಸಲಹೆ ಕೊಡಬೇಕಾಗುತ್ತದೆ, ಅಂಥದ್ದೇನಾದರೂ ಇದೆಯೇ ಸಾಬ್, ಎಂದು ಕೇಳಿದರು. ನಿಯಮದ ಗೋಡೆಯಲ್ಲಿ ಸಾಹೇಬರೇ ಒಂದು ಬಾಗಿಲು ತೆರೆದು ಹಿಡಿದಿದ್ದರು. ಮಾತಾಡಬಾರದವನನ್ನು ಮಾತಾಡೆಂದು ಕೇಳಿದ್ದರು. ಆವಲಪ್ಪನಿಗೆ ಗೋಡೆಯ ಗಡಿಯಾರ ಕಂಡಿತು, ಸಾಹೇಬರ ಮೂಗಿನ ತುದಿಯ ಕೆಂಪು ಕಂಡಿತು, ಕಿಟಕಿಯಾಚೆ ಯಾರೋ ಲಾರಿಯ ಟೈರು ಉರುಳಿಸಿಕೊಂಡು ಹೋಗುವುದು ಕಂಡಿತು. ಈಗ ಎದ್ದು ನಿಂತರೆ ಮೊದಲ ಮಾತು ಯಾವುದು ಎಂದು ಯೋಚಿಸಿದ. ನಾನು ಎಂಬ ಮಾತಿನಿಂದ ಶುರುವಾಗಬೇಕು. ಗೋಡೆಯ ಪಕ್ಕ ಕೂತ ಇಬ್ಬರಲ್ಲಿ ಒಬ್ಬ ಆ ಅಜಿಟಂಟ್. ಅವನು ಉಗುರು ನೋಡಿಕೊಳ್ಳುತ್ತಿದ್ದ.

"ಎಲ್ಲಾ ತಿಳಿಸಿ ಹೇಳಿದ್ದೀನಿ ಸಾಬ್. ಬೇರೆ ಏನಿಲ್ಲ" ಎಂದ ಆವಲಪ್ಪ.

ಮುಂದಿನದೆಲ್ಲ ಬೇಗ ನಡೆಯಿತು. ಮೊದಲೇ ಬರೆಸಿದ್ದ ಸಾಕ್ಷಿಗಳ ಹೇಳಿಕೆಯನ್ನು ಓದಿದರು. ಶಿಕ್ಷೆಗೆ ಮುಂಚೆ ಏನಾದರೂ ಹೇಳುವುದಿದೆಯೇ ಎಂದು ಲಕ್ಕಣ್ಣನನ್ನು ಕೇಳಿದಾಗ ಅವನು, ಕೂಸನ್ನು ನೋಡಲು ಹೋಗಿದ್ದೆ ಎಂದಷ್ಟೇ ಹೇಳಿದ. ಸಾಹೇಬರು ಮೂಗೊರೆಸಿಕೊಂಡು, ನನಗೂ ಮಕ್ಕಳಿದ್ದಾರೆ, ಆದರೆ ಆ ಶೆಡ್ಡಿಗೆ ಕಿಡಿ ಬಿದ್ದಿದ್ದರೆ ಎಷ್ಟು ಮಕ್ಕಳು ತಂದೆಯಿಲ್ಲದೆ ಹೋಗುತ್ತಿದ್ದವು ಎಂದರು. ಮೂರು ತಿಂಗಳು ಸಜೆ, ನೌಕರಿಯಿಂದ ವಜಾ. ಸಂಜೆಯೊಳಗೆ ಅವನನ್ನು ಸಿವಿಲ್ ಜೈಲಿಗೆ ಕಳಿಸತಕ್ಕದ್ದು. ಲಕ್ಕಣ್ಣ ಸೆಲ್ಯೂಟ್ ಹೊಡೆಯಲು ಕೈಯೆತ್ತಿ, ತಲೆಯ ಮೇಲೆ ಟೋಪಿಯಿಲ್ಲದ್ದು ನೆನಪಾಗಿ, ಕೈಯನ್ನು ಅರ್ಧಕ್ಕೇ ಇಳಿಸಿದ. ಅದನ್ನು ನೋಡಬಾರದಿತ್ತೆಂದು ಆವಲಪ್ಪನಿಗೆ ಅನ್ನಿಸಿತು. ವಜಾ ಎಂದರೆ ಇನ್ನು ಸರ್ಕಾರದ ಯಾವ ಕೆಲಸವೂ ಸಿಕ್ಕದು. ಹುಣಸಮಾರನಹಳ್ಳಿಯಲ್ಲಿ ಅವನಿಗೆ ಇನ್ನೊಬ್ಬರ ಜೊತೆ ಪಾಲಿಗಿರುವ ಒಂದು ತುಂಡು ಹೊಲವಿದೆ. ಅಲ್ಲಿ ಜೈಲಿಗೆ ಹೋಗಿ ಬಂದವನೆಂಬ ಹೆಸರು ಅವನಿಗಿಂತ ಮೊದಲೇ ಮನೆ ಸೇರಿರುತ್ತದೆ.

ಊಟಕ್ಕೆ ಮೆಸ್ಸಿಗೆ ಹೋದ, ಕೂತ, ಎದ್ದು ಬಂದ. ಲಾರಿ ಹೊರಡುವ ಮೊದಲು ಹುಡುಗನಿಗೆ ಒಂದು ಸಮಾಧಾನದ ಮಾತು ಹೇಳುವುದು ಸ್ನೇಹಿತನ ಕರ್ತವ್ಯವೆಂದು ತನಗೇ ಹೇಳಿಕೊಂಡು ಕ್ವಾರ್ಟರ್ ಗಾರ್ಡಿಗೆ ನಡೆದ. ನಿಜಕ್ಕೂ ಅವನಿಗೆ ಬೇಕಾಗಿದ್ದದ್ದು ಲಕ್ಕಣ್ಣ ತನ್ನನ್ನು ಬೈಯುವುದು. ಬೈದರೆ, ಕಾಲರ್ ಹಿಡಿದರೆ, ಲೆಕ್ಕ ಸ್ವಲ್ಪವಾದರೂ ತೀರೀತು. ನೂರುಲ್ಲಾ ಬೀಗ ತೆಗೆದು ಆ ಕಡೆ ಹೋಗಿ ನಿಂತ. ಲಕ್ಕಣ್ಣ ಮೂಲೆಯಲ್ಲಿ ಅಂಗಿಯ ಗುಂಡಿ ಬಿಚ್ಚಿಕೊಂಡು ಸೆಕೆಗೆ ಕಾಲು ಚಾಚಿ ಕೂತಿದ್ದವನು ಎದ್ದು ನಿಲ್ಲಲಿಲ್ಲ. ಆವಲಪ್ಪ ಬಂದಾಗ ಅವನು ಏಳದೆ ಇದ್ದದ್ದು ಇದೇ ಮೊದಲು. ಆವಲಪ್ಪ ಹೇಳಬೇಕೆಂದುಕೊಂಡಿದ್ದ ಸಮಾಧಾನದ ಮಾತು ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯೇ.

"ಅವತ್ತು ಜೀಪ್ ಬಂತು ಕಣೋ. ಹೆದ್ರಿ ಹೋಗ್ಬಿಟ್ಟೆ" ಎಂದ.

"ಗೊತ್ತಣ್ಣ" ಎಂದ ಲಕ್ಕಣ್ಣ. "ಕೂಸಿನ್ ಮಕ ನೋಡಿ ವಾಪಸ್ ಓಡ್ಬತ್ತಿದ್ದೆ. ತಿರುವಿನಾಗೆ ನೀವು ಡ್ರಮ್ಮಿನ್ ಇಂದ್ಕೆ ಓಗಿದ್ದು ಕಾಣುಸ್ತು. ಕೈ ಬೀಸ್ಕೊಂಡು ಓಗ್ತಿದ್ರಿ."

ಆವಲಪ್ಪ ಇಷ್ಟು ದಿನ ಪೆದ್ದು ಎಂದುಕೊಂಡು ಸಮಾಧಾನಪಟ್ಟದ್ದು ಇವನನ್ನು. ಗೊತ್ತಿದ್ದೂ ಮತ್ತೆ ತನ್ನನ್ನೇ ಏಕೆ ಕರೆದೆ ಎಂದು ಕೇಳಿದ; ಕೇಳುವಾಗ ದನಿಯಲ್ಲಿ ಸಿಟ್ಟಿತ್ತು, ಮೋಸ ಹೋದವನು ತಾನೇ ಎಂಬಂತೆ.

ಲಕ್ಕಣ್ಣ ನೆಲ ನೋಡುತ್ತ ಹೇಳಿದ. "ದೊಡ್ಡೋರ್ ಮ್ಯಾಲೆ ನಾನು ಬೆಟ್ಟು ಮಾಡಿ ಏಳಾದಾ? ನಮ್ ಕಡೆ ಇಂಗೇ ಅಲ್ವ ಮಾಡಾದು. ಪಕ್ಕದಾಗೆ ಕೂರ್ಸ್ಕೊಂಡ್ರೆ ನೀವೇ ಬಾಯ್ಬುಟ್ಟು ಏಳ್ತೀರ ಅಂತ ಕಾದೆ. ಸಾಯೇಬ್ರು ನಿಮ್ಮನ್ನ ಕೇಳ್ದಾಗ, ಈಗ ಏಳ್ತಾರೆ ಅನ್ಕಂಡೆ."

ಪಂಚಾಯ್ತಿಯ ಈ ಇನ್ನೊಂದು ಅರ್ಧ ಆವಲಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ಅವನು ಮರೆತಿದ್ದ. ತನಗೆ ಬೇಕಾದ ಅರ್ಧವನ್ನು ಮಾತ್ರ ಊರಿನಿಂದ ಕಿತ್ತು ತಂದಿದ್ದ. ಹಿರಿಯನ ತಪ್ಪನ್ನು ಕಿರಿಯ ಎಲ್ಲರೆದುರು ಎತ್ತಿ ಆಡುವಂತಿಲ್ಲ. ಬನ್ನಿ, ನನ್ನ ಪಕ್ಕ ಕೂತುಕೊಳ್ಳಿ ಎಂದು ಕರೆಯುತ್ತಾನೆ, ಅಷ್ಟೇ. ಕರೆಸಿಕೊಂಡವನಿಗೆ ಅರ್ಥವಾಗುತ್ತದೆ. ಚಿಕ್ಕಂದಿನಲ್ಲಿ ಒಮ್ಮೆ, ಸರದಿ ತಪ್ಪಿಸಿ ರಾತ್ರಿ ಕೆರೆಯ ತೂಬು ಎತ್ತಿದನೆಂದು ಹನುಮಯ್ಯನನ್ನು ನ್ಯಾಯಕ್ಕೆ ನಿಲ್ಲಿಸಿದ್ದರು. ಹನುಮಯ್ಯ ಏನೂ ಹೇಳದೆ, ದೊಡ್ಡಮುನಿಯಪ್ಪನವರು ನನ್ನ ಪಕ್ಕ ಕೂರಲಿ ಎಂದ. ಅಪ್ಪ ಹೋಗಿ ಕೂತ. ಒಂದೆರಡು ಮಾತು ಆಗುವಷ್ಟರಲ್ಲಿ ಎದ್ದು, ಹೆಗಲ ಮೇಲಿನ ವಲ್ಲಿಯನ್ನು ನೆಲಕ್ಕೆ ಹಾಸಿ, ತೂಬು ಎತ್ತಿದವನು ನಾನು ಎಂದ. ಜನರ ನಡುವೆ ನಿಂತಿದ್ದ ಆವಲಪ್ಪನಿಗೆ ಅವತ್ತು ಅಪ್ಪನ ಬಗ್ಗೆ ತಡೆಯಲಾರದ ನಾಚಿಕೆಯಾಗಿತ್ತು. ಮನೆಗೆ ಹೋಗುವಾಗ ಅಪ್ಪನ ಜೊತೆ ನಡೆಯದೆ ಹಿಂದೆ ಉಳಿದಿದ್ದ. ಅಪ್ಪ ಅವತ್ತು ರಾತ್ರಿ ಹೊಟ್ಟೆ ತುಂಬ ಮುದ್ದೆ ಉಂಡು, ಗೊರಕೆ ಹೊಡೆದು ನಿದ್ದೆ ಮಾಡಿದ್ದ.

ಲಕ್ಕಣ್ಣ ತಲೆಯೆತ್ತದೆ ಮತ್ತೆ ಹೇಳಿದ. "ಸಾಯೇಬ್ರು ಇನ್ನೂ ಆಪೀಸ್ನಾಗವ್ರೆ. ಲಾರಿ ಬಂದಿಲ್ಲ."

ಆವಲಪ್ಪ ಹೊರಗೆ ಬಂದ. ಕ್ವಾರ್ಟರ್ ಗಾರ್ಡಿಗೂ ಆಫೀಸಿಗೂ ನಡುವೆ ಪರೇಡ್ ಮೈದಾನ ಮಾತ್ರ, ಕೋಣೆಯ ಸರಳುಗಳಿಂದ ನೋಡಿದರೆ ಆಫೀಸಿನ ಮೆಟ್ಟಿಲು ಕಾಣುತ್ತದೆ. ಬಿಸಿಲಲ್ಲಿ ಮೈದಾನ ದಾಟುವಾಗ ಬೆನ್ನ ಮೇಲೆ ಹುಡುಗನ ಕಣ್ಣುಗಳಿವೆಯೆಂದು ಅವನಿಗೆ ಗೊತ್ತಿತ್ತು. ಅವು ತಳ್ಳಿದಂತೆಯೇ ನಡೆದ. ಅರ್ಧ ದಾರಿಯಲ್ಲಿ ಅವನಿಗೆ ಒಂದು ಥರ ಸಂತೋಷವೂ ಆಯಿತು. ಎಷ್ಟು ಸುಲಭ ಇದು. ಸುಬೇದಾರಿಕೆ ಹೋಗುತ್ತದೆ, ಹೋಗಲಿ; ಪೆನ್ಷನ್ನಿಗೆ ಏಟು ಬೀಳಬಹುದು, ಬೀಳಲಿ; ದ್ರೌಪದಮ್ಮ ಮುನಿವೆಂಕಟಮ್ಮನ ಎದುರು ತಲೆ ತಗ್ಗಿಸಬೇಕಾಗುತ್ತದೆ. ಇಲ್ಲಿಗೆ ಬಂದಾಗ ಸಂತೋಷ ಸ್ವಲ್ಪ ಕುಂಟಿತು. ಆದರೂ ಕಾಲು ನಿಲ್ಲಲಿಲ್ಲ. ಒಳಗೆ ಹೋಗಿ ಸೆಲ್ಯೂಟ್ ಹೊಡೆದ.

ಹೂದಾನಿ ಮೇಜಿನ ಮೇಲೆ ವಾಪಸ್ ಬಂದಿತ್ತು. ಸಾಹೇಬರು ಒಬ್ಬರೇ ಇದ್ದರು. ಆವಲಪ್ಪ ನಿಂತೇ ಎಲ್ಲವನ್ನೂ ಹೇಳಿದ. ಇಪ್ಪತ್ತು ವರ್ಷ ಹುಕುಂ ಕೊಡಲು, ಹುಕುಂ ತೆಗೆದುಕೊಳ್ಳಲು ಸಾಕಾಗಿದ್ದ ಹಿಂದೂಸ್ತಾನಿ ಈ ಮಾತಿಗೆ ಸಾಲದೆ ತಡವರಿಸಿದ. ನಾನು ಹೋಗೆಂದೆ, ನಾನು ನಿಲ್ಲುತ್ತೇನೆಂದೆ, ಜೀಪು ಬಂತು, ಹೊರಟುಹೋದೆ. ಏಕೆ ಹೋದೆ ಎಂಬುದನ್ನು ಹೇಳಲಾಗಲಿಲ್ಲ. ಅಡುಗೆಯವನ ನಗುವಿಗೆ ಹೆದರಿ ಹೋದೆನೆಂದು ಒಬ್ಬ ಜಮಾದಾರ ಒಬ್ಬ ಕರ್ನಲ್‌ಗೆ ಯಾವ ಭಾಷೆಯಲ್ಲಿ ಹೇಳಿಯಾನು. ಅದೊಂದನ್ನು ಬಿಟ್ಟದ್ದರಿಂದ ಉಳಿದ ನಿಜವೆಲ್ಲ ಅವನ ಕಿವಿಗೇ ಕಟ್ಟಿದ ಕತೆಯ ಹಾಗೆ ಕೇಳಿಸಿತು.

ಸಾಹೇಬರು ಎದುರಿನ ಕುರ್ಚಿ ತೋರಿಸಿ ಕೂತುಕೊಳ್ಳಿ ಎಂದರು. ಆ ಕುರ್ಚಿಯಲ್ಲಿ ಅವನು ಹಿಂದೆಂದೂ ಕೂತಿರಲಿಲ್ಲ. ನಮ್ಮ ತಂದೆಯ ಪಲ್ಟನ್ನಿನಲ್ಲಿ ನಿಮ್ಮಂಥ ಒಬ್ಬ ಸುಬೇದಾರರಿದ್ದರು, ಎಂದು ಹೇಳತೊಡಗಿದರು. ಒಬ್ಬ ಹುಡುಗನನ್ನು ಉಳಿಸಲು ಅವನ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. ಈಗಿನ ಕಾಲದಲ್ಲಿ ಅಂಥವರಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆ ನಾನು ಕೇಳಿದಾಗ ನೀವು ಏನಿಲ್ಲ ಎಂದಿರಿ, ಶಿಕ್ಷೆ ಕೇಳಿದ ಮೇಲೆ ನಿಮ್ಮ ಕರುಳು ತಡೆಯಲಿಲ್ಲ, ನನಗೆ ಅರ್ಥವಾಗುತ್ತದೆ. ಅವರ ದನಿಯಲ್ಲಿ ನೆಗಡಿಯ ಜೊತೆಗೆ ನಿಜವಾದ ಪ್ರೀತಿಯೂ ಇತ್ತು. ಆಮೇಲೆ ಅವರು ಒಂದು ಹಾಳೆಯನ್ನು ಹತ್ತಿರ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದರು. ಇದು ನಿಜವೇ ಆಗಿದ್ದರೆ ಹೇಳಿ, ಈಗಲೇ ಬರೆದುಕೊಳ್ಳುತ್ತೇನೆ, ಕಾಗದಗಳ ಜೊತೆ ಮೇಲಕ್ಕೆ ಕಳಿಸುತ್ತೇನೆ, ಹುಡುಗನ ಶಿಕ್ಷೆಯನ್ನು ಅವರು ಮತ್ತೆ ನೋಡುತ್ತಾರೆ, ನಿಮ್ಮದನ್ನೂ ನೋಡುತ್ತಾರೆ ಎಂದರು. ಪೆನ್ನಿನ ತುದಿ ಹಾಳೆಯ ಮೇಲೆ ನಿಂತಿತು.

"ಅವನನ್ನು ಉಳಿಸೋಕೆ ಹೇಳ್ತಾ ಇದ್ದೀರಿ, ಅಲ್ವಾ ಸಾಬ್?" ಎಂದರು ಸಾಹೇಬರು.

ಆವಲಪ್ಪ ಪೆನ್ನನ್ನು ನೋಡಿದ. ಕಿಟಕಿಯಿಂದ ಬಂದ ಗಾಳಿಗೆ ಹಾಳೆಯ ಅಂಚು ಮೆಲ್ಲಗೆ ಏಳುತ್ತಿತ್ತು. ಒಳ್ಳೆಯವನೆಂದು ಅವನನ್ನು ಇಷ್ಟು ಹತ್ತಿರ ಕೂರಿಸಿಕೊಂಡು ಯಾರೂ ಯಾವತ್ತೂ ಹೇಳಿರಲಿಲ್ಲ. ಆ ಮಾತು ಅಂಥ ಹೊತ್ತಿನಲ್ಲೂ ಅವನ ಮೈಯನ್ನು ಬೆಚ್ಚಗೆ ಮಾಡಿತ್ತು, ಅದೇ ಎಲ್ಲಕ್ಕಿಂತ ಹೇಸಿಗೆಯದು. ಅಲ್ಲ ಎನ್ನಲು ಬಾಯಿ ತೆರೆದ. ತೆರೆದ ಬಾಯಿಂದ ಹೊರಟದ್ದು, "ಹೌದು ಸಾಬ್."

ಸಾಹೇಬರು ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು. ಎದ್ದು ಬಂದು ಅವನ ಭುಜ ತಟ್ಟಿದರು. ಈ ವಿಷಯ ನನ್ನ ಮನಸ್ಸಿನಲ್ಲಿರುತ್ತದೆ ಎಂದರು. ಆವಲಪ್ಪ ಸೆಲ್ಯೂಟ್ ಹೊಡೆದು ಹೊರಗೆ ಬಂದ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವಾಯಿತು. ಹಸಿವಾಯಿತಲ್ಲ ಎಂದು ಅಳು ಬಂತು. ಕೈದಿಯನ್ನು ಒಯ್ಯುವ ಲಾರಿ ಗೇಟಿನ ಕಡೆಯಿಂದ ನಿಧಾನವಾಗಿ ಒಳಗೆ ಬರುತ್ತಿತ್ತು, ಅದರ ಹಿಂದೆ ಗೇಟಿನಾಚೆ ಕೃಷ್ಣಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತದ್ದು ಕಾಣಿಸಿತು. ಅವನು ಮೆಟ್ಟಿಲ ಮೇಲೆಯೇ ನಿಂತ. ಇಳಿಯದೆ ವಿಧಿಯಿರಲಿಲ್ಲ, ಬೇರೆ ದಾರಿಯಿರಲಿಲ್ಲ. ಮೈದಾನದಾಚೆ, ಕ್ವಾರ್ಟರ್ ಗಾರ್ಡಿನ ಸರಳುಗಳ ಹಿಂದೆ, ಅವನು ಆಫೀಸಿನಿಂದ ಹೊರಬಂದದ್ದನ್ನು ಕಂಡು ಲಕ್ಕಣ್ಣ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ್ದ.